ಪೀಚೆಕತ್ತಿ

ಪೀಚೆಕತ್ತಿಯು ಕರ್ನಾಟಕದ ಕೊಡಗು ಪ್ರದೇಶದ ಸಾಂಪ್ರದಾಯಿಕ ಕಿರುಗತ್ತಿಯಾಗಿದೆ. ಕೊಡವ ಪುರುಷರು ತಮ್ಮ ವಿಧ್ಯುಕ್ತ ಉಡುಪಾದ ಕುಪ್ಯದ ಮೇಲೆ ಚೇಲೆ ಎಂಬ ರೇಷ್ಮೆಯ ನಡುಕಟ್ಟನ್ನು ಸುತ್ತಿ, ಅದರ ಮುಂಭಾಗದಲ್ಲಿ ಈ ಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾರೆ. ಒಂದೇ ಬಾಯಿಯುಳ್ಳ ಅಗಲವಾದ ಅಲಗು, ಬೆಳ್ಳಿ, ಕೊಂಬು ಅಥವಾ ದಂತದ ಹಿಡಿ, ಲೋಹದ ಕಟ್ಟುಗಳುಳ್ಳ ಒರೆ ಮತ್ತು ಒರೆಗೆ ಜೋಡಿಸಿದ ಬೆಳ್ಳಿಯ ಸರಪಳಿಗಳು ಇದರ ಮುಖ್ಯ ಭಾಗಗಳು. ಇಂಗ್ಲಿಷಿನ ಆಯುಧ ಗ್ರಂಥಗಳಲ್ಲಿ ಮತ್ತು ಸಂಗ್ರಹಾಲಯಗಳ ಪಟ್ಟಿಗಳಲ್ಲಿ ಇದು ಸಾಮಾನ್ಯವಾಗಿ ‘ಪಿಚಂಗತ್ತಿ’ ಎಂಬ ಹೆಸರಿನಿಂದ ಗುರುತಿಸಲ್ಪಟ್ಟಿದೆ.

ಪೀಚೆಕತ್ತಿಯು ಯುದ್ಧದ ಮುಖ್ಯ ಆಯುಧವಾಗಿರಲಿಲ್ಲ. ಆ ಕೆಲಸಕ್ಕೆ ಬೆನ್ನಿನ ಕಡೆ ಧರಿಸುವ ಒಡಿಕತ್ತಿ ಇತ್ತು. ಪೀಚೆಕತ್ತಿಯು ಉಡುಪಿನ ಅಂಗವೂ ಆಭರಣವೂ ದಿನಬಳಕೆಯ ಸಾಧನವೂ ಆಗಿತ್ತು. ಆದ್ದರಿಂದ ಇದರ ಅಧ್ಯಯನದಲ್ಲಿ ಅಲಗಿನಷ್ಟೇ ಮಹತ್ತ್ವ ಹಿಡಿ, ಒರೆ ಮತ್ತು ಸರಪಳಿಗಳ ಅಲಂಕಾರಕ್ಕೂ ಇದೆ. ಹಳೆಯ ಪೀಚೆಕತ್ತಿಗಳ ಮೇಲೆ ತಯಾರಕರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲ ಬಿಡಿಭಾಗಗಳು ಒಟ್ಟಾಗಿ ಉಳಿದಾಗ ಮತ್ತು ಮನೆತನದ ಮಾಹಿತಿ ಜೊತೆಗಿದ್ದಾಗ ಮಾತ್ರ ಅವುಗಳ ಇತಿಹಾಸವನ್ನು ಅರಿಯಲು ಸಾಧ್ಯವಾಗುತ್ತದೆ.

ಹೆಸರು

ಕೊಡವ ತಕ್ಕಿನಲ್ಲಿ ಇದನ್ನು ಪೀಚೆಕತ್ತಿ ಎನ್ನುತ್ತಾರೆ. ‘ಕತ್ತಿ’ ಎಂಬ ಪದವು ಕನ್ನಡ, ಕೊಡವ, ತುಳು, ತಮಿಳು ಮತ್ತು ಮಲಯಾಳಂ ಭಾಷೆಗಳಲ್ಲಿ ಸಮಾನವಾಗಿ ಬಳಕೆಯಲ್ಲಿದೆ. ಮಲಯಾಳಂನಲ್ಲಿ ಸಣ್ಣ ಚೂರಿಗೆ ‘ಪಿಚ್ಚಾತ್ತಿ’ ಎಂಬ ಪದವೂ ತಮಿಳಿನಲ್ಲಿ ‘ಪಿಚ್ಚಾಂಗತ್ತಿ’ ಎಂಬ ಪದವೂ ಇವೆ. ಪಶ್ಚಿಮ ಘಟ್ಟದ ಎರಡೂ ಬದಿಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚೂರಿಯ ಬಳಕೆ ವ್ಯಾಪಕವಾಗಿತ್ತು ಎಂಬುದನ್ನು ಈ ಪದಗಳು ಸೂಚಿಸುತ್ತವೆ. ಮಲಬಾರಿನಲ್ಲಿಯೂ ಇದೇ ಬಗೆಯ ಚೂರಿಗಳು ಇದ್ದವು. ಬೆಳ್ಳಿಯ ಸರಪಳಿ, ಎತ್ತರಿಸಿದ ಹಿಡಿಯ ತಲೆ ಮತ್ತು ವಿಧ್ಯುಕ್ತ ಉಡುಪಿನಲ್ಲಿ ನಿಶ್ಚಿತವಾದ ಸ್ಥಾನ ಇವು ಕೊಡಗಿನ ಮಾದರಿಯ ವಿಶಿಷ್ಟ ಲಕ್ಷಣಗಳಾಗಿವೆ.

ರಚನೆ

ಅಲಗು

ಪೀಚೆಕತ್ತಿಯ ಅಲಗು ಉಕ್ಕಿನದು. ಅದರ ಉದ್ದ ಸಾಮಾನ್ಯವಾಗಿ 17ರಿಂದ 20 ಸೆಂಟಿಮೀಟರುಗಳಷ್ಟಿದ್ದು, ಹಿಡಿಯೂ ಸೇರಿದಂತೆ ಕತ್ತಿಯ ಒಟ್ಟು ಉದ್ದ ಸುಮಾರು 30 ಸೆಂಟಿಮೀಟರ್ ಆಗುತ್ತದೆ. ಬೆನ್ನು ಬಹುತೇಕ ನೇರವಾಗಿಯೂ ದಪ್ಪವಾಗಿಯೂ ಇರುತ್ತದೆ. ಬಾಯಿಯು ತುದಿಯ ಕಡೆ ಬಾಗಿ ಬೆನ್ನನ್ನು ಸೇರುತ್ತದೆ. ಉದ್ದಕ್ಕೆ ಹೋಲಿಸಿದರೆ ಅಲಗು ಅಗಲವಾಗಿಯೂ ತೂಕವುಳ್ಳದ್ದಾಗಿಯೂ ಇರುವುದರಿಂದ ಇದು ಇರಿಯುವುದಕ್ಕಿಂತ ಕೊಯ್ಯುವುದಕ್ಕೆ ಮತ್ತು ಸಣ್ಣಪುಟ್ಟ ಕಡಿತಕ್ಕೆ ಹೆಚ್ಚು ಹೊಂದುತ್ತದೆ. ಕೈಯನ್ನು ರಕ್ಷಿಸುವ ಅಡ್ಡಪಟ್ಟಿ ಇದಕ್ಕೆ ಇರುವುದಿಲ್ಲ. ಎದುರಾಳಿಯ ಅಲಗನ್ನು ತಡೆದು ಹೋರಾಡುವ ಉದ್ದೇಶದಿಂದ ಇದನ್ನು ರೂಪಿಸಿರಲಿಲ್ಲ ಎಂಬುದಕ್ಕೆ ಇದೂ ಒಂದು ಸೂಚನೆ.

ಹಿಡಿ

ಹಿಡಿಯನ್ನು ಮರ, ಕೊಂಬು, ದಂತ ಅಥವಾ ಬೆಳ್ಳಿಯಿಂದ ಮಾಡುತ್ತಿದ್ದರು. ಕೈಹಿಡಿಯುವ ಭಾಗ ಕಿರಿದಾಗಿದ್ದು ತಲೆಯ ಕಡೆ ಅಗಲವಾಗುತ್ತದೆ. ಈ ತಲೆಯೇ ಕತ್ತಿಯ ಅತ್ಯಂತ ಅಲಂಕೃತ ಭಾಗ. ಹಲವು ಕತ್ತಿಗಳಲ್ಲಿ ಅದು ಒಂದು ಕಡೆಗೆ ಬಾಗಿ ಗಿಳಿಯ ತಲೆಯನ್ನು ಹೋಲುತ್ತದೆ. ಗಿಳಿಯ ಕಣ್ಣಿನ ಸ್ಥಾನದಲ್ಲಿ ಕೆಂಪು ಹರಳನ್ನು ಕೂರಿಸಿರುವ ಮಾದರಿಗಳೂ ಇವೆ. ಶ್ರೀಮಂತ ಮನೆತನಗಳ ಕತ್ತಿಗಳಲ್ಲಿ ಬೆಳ್ಳಿಯ ಹಿಡಿಯ ಮೇಲೆ ಚಿನ್ನದ ಪಟ್ಟಿ, ಹೂವು ಅಥವಾ ಬಳ್ಳಿಯ ಅಲಂಕಾರ ಕಂಡುಬರುತ್ತದೆ. ಅಲಗು ಮತ್ತು ಹಿಡಿ ಕೂಡುವ ಜಾಗದಲ್ಲಿ ಬೆಳ್ಳಿ ಅಥವಾ ಹಿತ್ತಾಳೆಯ ಪಟ್ಟಿ ಇರುತ್ತದೆ. ಈ ಪಟ್ಟಿಯು ಬೆಸುಗೆಯ ಜಾಗವನ್ನು ಮರೆಮಾಡುವುದಲ್ಲದೆ ಹಿಡಿ ಬಿರಿಯದಂತೆ ತಡೆಯುತ್ತದೆ.

ಒರೆ

ಒರೆಯ ಒಳಭಾಗ ಮರದ್ದು. ಎರಡು ಮರದ ಹಲಗೆಗಳನ್ನು ಅಲಗಿನ ಆಕಾರಕ್ಕೆ ತೋಡಿ ಜೋಡಿಸಿ, ಮೇಲೆ ಬೆಳ್ಳಿ ಅಥವಾ ಹಿತ್ತಾಳೆಯ ಕಟ್ಟುಗಳನ್ನು ಹಾಕುತ್ತಾರೆ. ಸರಳ ಕತ್ತಿಗಳಲ್ಲಿ ಬಾಯಿ, ನಡು ಮತ್ತು ತುದಿಗೆ ಮಾತ್ರ ಲೋಹದ ಕಟ್ಟು ಇದ್ದು ನಡುವೆ ಮರ ಕಾಣುತ್ತದೆ. ಬೆಲೆಬಾಳುವ ಕತ್ತಿಗಳಲ್ಲಿ ಇಡೀ ಒರೆಗೆ ಬೆಳ್ಳಿಯ ತಗಡನ್ನು ಹೊದಿಸಿರುತ್ತಾರೆ. ತಗಡಿನ ಮೇಲೆ ಉಬ್ಬುಗೆಲಸದಿಂದ ಬಳ್ಳಿ, ಎಲೆ ಮತ್ತು ಹೂವಿನ ವಿನ್ಯಾಸಗಳನ್ನು ಮೂಡಿಸುತ್ತಾರೆ. ಈ ಕೆಲಸದಲ್ಲಿ ತಗಡನ್ನು ರಾಳದ ಹಾಸಿನ ಮೇಲೆ ಇರಿಸಿ ಹಿಂಬದಿಯಿಂದ ಸಣ್ಣ ಉಳಿಗಳಿಂದ ತಟ್ಟಿ ಉಬ್ಬಿಸಲಾಗುತ್ತದೆ. ಬಳಿಕ ಮುಂಬದಿಯಿಂದ ಗೆರೆಗಳನ್ನು ತಿದ್ದಿ ರೂಪವನ್ನು ಸ್ಪಷ್ಟಗೊಳಿಸಲಾಗುತ್ತದೆ.

ಸರಪಳಿ ಮತ್ತು ಕಿರು ಉಪಕರಣಗಳು

ಒರೆಗೆ ಹಲವು ಎಳೆಗಳ ಬೆಳ್ಳಿಯ ಸರಪಳಿಗಳನ್ನು ಜೋಡಿಸಿರುತ್ತಾರೆ. ಕತ್ತಿಯನ್ನು ಚೇಲೆಗೆ ಭದ್ರಪಡಿಸುವುದು ಸರಪಳಿಯ ಒಂದು ಉಪಯೋಗ. ಹಳೆಯ ಕತ್ತಿಗಳಲ್ಲಿ ಸರಪಳಿಯ ತುದಿಯಲ್ಲಿ ಚಿಮಟ, ಕಿವಿಗುಗ್ಗೆ ತೆಗೆಯುವ ಕಡ್ಡಿ, ಉಗುರು ಶುಚಿಗೊಳಿಸುವ ಕಡ್ಡಿ ಮುಂತಾದ ಚಿಕ್ಕ ಉಪಕರಣಗಳ ಗೊಂಚಲು ಇರುತ್ತದೆ. ಕಾಡುದಾರಿಯಲ್ಲಿ ನಡೆಯುವವನಿಗೆ ಕಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಯಲು ಚಿಮಟ ಉಪಯುಕ್ತವಾಗಿತ್ತು. ಈ ಉಪಕರಣಗಳು ಚಿಕ್ಕವಾಗಿದ್ದು ಸುಲಭವಾಗಿ ಕಳಚಿಕೊಳ್ಳುವುದರಿಂದ ಅನೇಕ ಹಳೆಯ ಕತ್ತಿಗಳಲ್ಲಿ ಸರಪಳಿಯಾಗಲಿ ಉಪಕರಣಗಳಾಗಲಿ ಉಳಿದಿಲ್ಲ. ಇವೆಲ್ಲವೂ ಉಳಿದಿರುವ ಕತ್ತಿಯನ್ನು ಪೂರ್ಣ ಮಾದರಿ ಎಂದು ಪರಿಗಣಿಸಲಾಗುತ್ತದೆ.

ಉಡುಪಿನಲ್ಲಿ ಸ್ಥಾನ

ಕೊಡವ ಪುರುಷನ ವಿಧ್ಯುಕ್ತ ಉಡುಪಿನ ಭಾಗಗಳು ಹೀಗಿವೆ:

• ಕುಪ್ಯ: ಮೊಣಕಾಲಿನವರೆಗೆ ಇಳಿಯುವ, ಮುಂಭಾಗ ತೆರೆದ, ಗಿಡ್ಡ ತೋಳಿನ ಮೇಲಂಗಿ. ಸಾಮಾನ್ಯವಾಗಿ ಕಪ್ಪು ಬಣ್ಣದ್ದು. ಮದುಮಗನದು ಬಿಳಿ ಬಣ್ಣದ್ದು.
• ಚೇಲೆ: ಕುಪ್ಯದ ಮೇಲೆ ನಡುವಿಗೆ ಸುತ್ತುವ, ಜರಿಯ ಅಂಚುಳ್ಳ ಕೆಂಪು ರೇಷ್ಮೆಯ ಬಟ್ಟೆ.
• ಮಂಡೆತುಣಿ: ತಲೆಗೆ ಧರಿಸುವ ಪೇಟ.
• ಪೀಚೆಕತ್ತಿ: ಚೇಲೆಯ ಮುಂಭಾಗದಲ್ಲಿ ಸಿಕ್ಕಿಸುವ ಕಿರುಗತ್ತಿ.
• ಒಡಿಕತ್ತಿ: ಬೆನ್ನಿನ ಕಡೆ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ತೊಡಿಸುವ ದೊಡ್ಡ ಕತ್ತಿ.

ಕಪ್ಪು ಕುಪ್ಯ ಮತ್ತು ಕೆಂಪು ಚೇಲೆಯ ಮುಂದೆ ಬೆಳ್ಳಿಯ ಹಿಡಿ, ಒರೆ ಮತ್ತು ಸರಪಳಿಗಳು ಎದ್ದು ಕಾಣುತ್ತವೆ. ಪುರುಷನ ಉಡುಪಿನಲ್ಲಿ ಬೇರೆ ಆಭರಣಗಳು ಹೆಚ್ಚಾಗಿ ಇಲ್ಲದಿರುವುದರಿಂದ ಮನೆತನದ ಅಂತಸ್ತನ್ನು ಬಹುಮಟ್ಟಿಗೆ ಈ ಕತ್ತಿಯೇ ಸೂಚಿಸುತ್ತಿತ್ತು. ಸ್ತ್ರೀಯರ ಪತ್ತಾಕ್, ಜೋಮಾಲೆ ಮತ್ತು ಕೊಕ್ಕೆತಾತಿಗಳಂತೆ ಪೀಚೆಕತ್ತಿಯೂ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬರುವ ಮನೆತನದ ಸ್ವತ್ತಾಗಿದೆ. ಕೊಡಗಿನ ಇತರ ಕೆಲವು ಸಮುದಾಯಗಳ ಪುರುಷರೂ ಇದೇ ಬಗೆಯ ಉಡುಪನ್ನು ಮತ್ತು ಕತ್ತಿಯನ್ನು ಧರಿಸುತ್ತಾರೆ.

ಒಡಿಕತ್ತಿಯೊಡನೆ ವ್ಯತ್ಯಾಸ

ಪೀಚೆಕತ್ತಿ ಮತ್ತು ಒಡಿಕತ್ತಿಗಳನ್ನು ಒಂದೇ ಎಂದು ಭಾವಿಸುವುದುಂಟು. ಆದರೆ ಇವೆರಡೂ ರೂಪ, ಬಳಕೆ ಮತ್ತು ಧರಿಸುವ ಜಾಗ ಈ ಮೂರರಲ್ಲಿಯೂ ಬೇರೆಯಾಗಿವೆ. ಒಡಿಕತ್ತಿಯು ಆಯುಧಕತ್ತಿ ಎಂಬ ಹೆಸರಿನಿಂದಲೂ ಪರಿಚಿತವಾಗಿದೆ. ಅದರ ಅಲಗು ಬಹಳ ಅಗಲವಾಗಿದ್ದು ಕುಡುಗೋಲಿನಂತೆ ಒಳಕ್ಕೆ ಬಾಗಿರುತ್ತದೆ. ಬಾಯಿಯು ಬಾಗಿನ ಒಳಬದಿಯಲ್ಲಿರುತ್ತದೆ. ಅದಕ್ಕೆ ಒರೆ ಇಲ್ಲ. ಬೆನ್ನಿನ ತೊಡಂಗಿನಲ್ಲಿ ಅಲಗನ್ನು ತೆರೆದಂತೆಯೇ ತೊಡಿಸಲಾಗುತ್ತದೆ. ಕಾಡಿನ ಪೊದೆಯನ್ನು ಸವರಲು ಮತ್ತು ಯುದ್ಧದಲ್ಲಿ ಕಡಿಯಲು ಅದು ಬಳಕೆಯಾಗುತ್ತಿತ್ತು. ಪೀಚೆಕತ್ತಿಗೆ ಒರೆ ಇದೆ, ಸರಪಳಿ ಇದೆ, ಅಲಂಕಾರಕ್ಕೆ ಹೆಚ್ಚಿನ ಅವಕಾಶವಿದೆ. ಪೂರ್ಣ ಉಡುಪಿನಲ್ಲಿ ಎರಡೂ ಕತ್ತಿಗಳು ಇರುತ್ತವೆ. ಒಡಿಕತ್ತಿಯನ್ನು ಧರಿಸದ ಸಂದರ್ಭಗಳಲ್ಲಿಯೂ ಪೀಚೆಕತ್ತಿಯನ್ನು ಧರಿಸುವುದು ವಾಡಿಕೆ.

ಇತಿಹಾಸ

ಸುಮಾರು 1600ರಿಂದ 1834ರವರೆಗೆ ಕೊಡಗನ್ನು ಹಾಲೇರಿ ವಂಶದ ಅರಸರು ಆಳಿದರು. ಜಮ್ಮ ಭೂಮಿಯನ್ನು ಹೊಂದಿದ ಮನೆತನಗಳು ಅರಸನಿಗೆ ಸೈನಿಕ ಸೇವೆಯನ್ನು ಸಲ್ಲಿಸಬೇಕಾಗಿತ್ತು. ಹೀಗೆ ಬೇಸಾಯಗಾರನೇ ಸೈನಿಕನೂ ಆಗಿದ್ದುದರಿಂದ ಆಯುಧವನ್ನು ಧರಿಸುವುದು ಒಂದು ಪ್ರತ್ಯೇಕ ವೃತ್ತಿಯ ಗುರುತಾಗಿರದೆ ಮನೆತನದ ಸ್ಥಾನಮಾನದ ಗುರುತಾಗಿತ್ತು.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕೊನೆಯ ಅರಸ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಅರಸರ ಅಧೀನದಲ್ಲಿದ್ದ ಪುತ್ತೂರು ಮತ್ತು ಸುಳ್ಯದ ಪ್ರದೇಶಗಳನ್ನು ದಕ್ಷಿಣ ಕನ್ನಡಕ್ಕೆ ಸೇರಿಸಲಾಯಿತು. 1837ರಲ್ಲಿ ಸುಳ್ಯದಲ್ಲಿ ಆರಂಭವಾದ ದಂಗೆಯು ಮಂಗಳೂರಿನವರೆಗೆ ವ್ಯಾಪಿಸಿತು. ದಂಗೆಯನ್ನು ಅಡಗಿಸುವಲ್ಲಿ ಕಂಪನಿಯ ಪರವಾಗಿ ನಿಂತ ಕೊಡವರಿಗೆ ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ನೀಡಲಾಯಿತು. ಈ ಪದಕದ ಮೇಲೆ ಆಯುಧ ಹಿಡಿದ ಕೊಡಗಿನ ಯೋಧನ ಚಿತ್ರ, ಕೊಡಗಿನ ಯುದ್ಧಕತ್ತಿಯ ಚಿತ್ರ ಮತ್ತು ಕನ್ನಡದ ಬರಹವಿದೆ. ಕೊಡಗಿನ ಕತ್ತಿಯು ಆ ವೇಳೆಗಾಗಲೇ ಆ ನಾಡಿನ ಲಾಂಛನವಾಗಿ ಹೊರಗಿನವರಿಗೂ ಪರಿಚಿತವಾಗಿತ್ತು ಎಂಬುದಕ್ಕೆ ಈ ಪದಕವು ಸಾಕ್ಷಿಯಾಗಿದೆ.

1857ರ ಹೋರಾಟದ ನಂತರ ಬ್ರಿಟಿಷ್ ಸರಕಾರವು ಜನರಿಂದ ಆಯುಧಗಳನ್ನು ಹಿಂತೆಗೆದುಕೊಳ್ಳುವ ಕಾನೂನನ್ನು ಜಾರಿಗೊಳಿಸಿತು. 1861ರಲ್ಲಿ ಆಗಿನ ಮುಖ್ಯ ಆಯುಕ್ತ ಮಾರ್ಕ್ ಕಬ್ಬನ್ ಕೊಡವರಿಗೆ ಈ ಕಾನೂನಿನಿಂದ ವಿನಾಯಿತಿ ನೀಡಿದನು. ಇದರಿಂದ ಕೊಡಗಿನಲ್ಲಿ ಆಯುಧಸಹಿತವಾದ ಉಡುಪು ಕಾನೂನಿನ ಅಡ್ಡಿಯಿಲ್ಲದೆ ಮುಂದುವರಿಯಿತು.

ಬಾಸೆಲ್ ಮಿಷನ್ನಿನ ಜಿ. ರಿಕ್ಟರ್ ಸಿದ್ಧಪಡಿಸಿದ ಕೊಡಗಿನ ಕೈಪಿಡಿಯು 1870ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಇದೇ ಮಿಷನ್ ಅಲ್ಲಿ ಮುದ್ರಣ ಮತ್ತು ಪುಸ್ತಕ ಪ್ರಕಟಣೆಯನ್ನೂ ನಡೆಸುತ್ತಿತ್ತು. ಕೊಡವರ ಉಡುಪನ್ನು ವಿವರಿಸುವಾಗ ರಿಕ್ಟರ್ ದಂತದ ಅಥವಾ ಬೆಳ್ಳಿಯ ಹಿಡಿಯುಳ್ಳ, ಬೆಳ್ಳಿಯ ಸರಪಳಿಯಿಂದ ಭದ್ರಪಡಿಸಿದ ಕಿರುಗತ್ತಿಯನ್ನು ಉಲ್ಲೇಖಿಸಿದ್ದಾನೆ. ಇಂದು ಉಳಿದಿರುವ ಕತ್ತಿಗಳ ಲಕ್ಷಣಗಳೊಂದಿಗೆ ಈ ವಿವರಣೆಯು ಹೊಂದಿಕೆಯಾಗುತ್ತದೆ. ವಿಲ್ಬ್ರಹಾಂ ಎಗರ್ಟನ್ 1880ರಲ್ಲಿ ಪ್ರಕಟಿಸಿದ ಭಾರತೀಯ ಆಯುಧಗಳ ಕೈಪಿಡಿಯಲ್ಲಿಯೂ ಕೊಡಗಿನ ಕತ್ತಿಗಳಿಗೆ ಸ್ಥಾನವಿದೆ.

ಆಚರಣೆಗಳಲ್ಲಿ

ಕೈಲ್ ಪೊಳ್ದ್: ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ, ಭತ್ತದ ನಾಟಿ ಮುಗಿದ ಮೇಲೆ ಈ ಹಬ್ಬವನ್ನು ಆಚರಿಸುತ್ತಾರೆ. ಕೈಲ್ ಮುಹೂರ್ತ ಎಂಬುದು ಇದರ ಇನ್ನೊಂದು ಹೆಸರು. ಮನೆಯ ಕೋವಿ, ಒಡಿಕತ್ತಿ ಮತ್ತು ಪೀಚೆಕತ್ತಿಗಳನ್ನು ಶುಚಿಗೊಳಿಸಿ ಒಂದೆಡೆ ಇರಿಸಿ, ತೋಕ್‌ಪೂ ಎಂದು ಕರೆಯುವ ಗೌರಿಹೂವಿನಿಂದ ಅಲಂಕರಿಸಿ ಪೂಜಿಸಲಾಗುತ್ತದೆ. ನಂತರ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಮಳೆಗಾಲದಲ್ಲಿ ಬೇಸಾಯದ ಕೆಲಸಕ್ಕಾಗಿ ಬದಿಗಿರಿಸಿದ್ದ ಆಯುಧಗಳನ್ನು ಮತ್ತೆ ಕೈಗೆತ್ತಿಕೊಳ್ಳುವ ಹಬ್ಬ ಇದಾಗಿದೆ. ತುಕ್ಕು ಹಿಡಿದ ಅಲಗನ್ನು ಮಳೆಗಾಲ ಮುಗಿಯುವ ಹೊತ್ತಿಗೆ ವರ್ಷಕ್ಕೊಮ್ಮೆ ಶುಚಿಗೊಳಿಸುವ ವಾಡಿಕೆಯನ್ನೂ ಇದು ಉಳಿಸಿಕೊಂಡಿದೆ.

ಮದುವೆ: ಮದುಮಗನು ಬಿಳಿಯ ಕುಪ್ಯ ಮತ್ತು ಕೆಂಪು ಚೇಲೆಯೊಡನೆ ಪೀಚೆಕತ್ತಿಯನ್ನು ಧರಿಸುತ್ತಾನೆ. ನೆಟ್ಟ ಬಾಳೆದಿಂಡುಗಳನ್ನು ಕಡಿಯುವ ಗೌರವದ ವಿಧಿಯಲ್ಲಿ ಬಳಕೆಯಾಗುವುದು ಒಡಿಕತ್ತಿ. ಪೀಚೆಕತ್ತಿಯನ್ನು ಅಲ್ಲಿ ಒರೆಯಿಂದ ತೆಗೆಯುವ ಅಗತ್ಯವಿರುವುದಿಲ್ಲ.

ಪುತ್ತರಿ: ನವೆಂಬರ್ ಅಥವಾ ಡಿಸೆಂಬರ್ ತಿಂಗಳಲ್ಲಿ ಬರುವ ಹೊಸ ಭತ್ತದ ಹಬ್ಬ. ಹಬ್ಬದ ಕೋಲಾಟಗಳಲ್ಲಿಯೂ ಬೊಳಕಾಟ್ ಮುಂತಾದ ನೃತ್ಯಗಳಲ್ಲಿಯೂ ಪುರುಷರು ಪೂರ್ಣ ಉಡುಪಿನಲ್ಲಿ ಭಾಗವಹಿಸುತ್ತಾರೆ.

ಕೊಡವರ ಹಾಡು, ಹಬ್ಬ ಮತ್ತು ವಿಧಿಗಳ ಬಗ್ಗೆ ತಿಳಿಯಲು ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಪ್ರಮುಖ ಆಕರಗ್ರಂಥವಾಗಿದೆ.

ಜಪಾನಿನ ಕಿರುಗತ್ತಿಯೊಡನೆ ಹೋಲಿಕೆ

ಅಲಗಿಗಿಂತ ಅಲಂಕೃತ ಬಿಡಿಭಾಗಗಳಿಂದ ಹೆಸರಾದ ಕಿರುಗತ್ತಿಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಜಪಾನಿನ ವಾಕಿಜಾಶಿ. ಅಲಗಿನ ಉದ್ದ ಸುಮಾರು 30ರಿಂದ 60 ಸೆಂಟಿಮೀಟರ್ ಇದ್ದರೆ ಅದು ವಾಕಿಜಾಶಿ. 30 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಟಾಂಟೊ. ಈ ಅಳತೆಯ ಪ್ರಕಾರ ಪೀಚೆಕತ್ತಿಯು ಟಾಂಟೊವಿಗೆ ಹತ್ತಿರವಾಗುತ್ತದೆ. ಎದೋ ಕಾಲದಲ್ಲಿ (1603–1868) ಸಮುರಾಯ್ ವರ್ಗದವರು ಉದ್ದವಾದ ಕಟಾನಾ ಮತ್ತು ಗಿಡ್ಡವಾದ ವಾಕಿಜಾಶಿಯನ್ನು ಜೋಡಿಯಾಗಿ ಧರಿಸುತ್ತಿದ್ದರು. ಈ ಜೋಡಿಗೆ ದೈಶೋ ಎಂದು ಹೆಸರು. ಕೊಡವ ಉಡುಪಿನಲ್ಲಿಯೂ ದೊಡ್ಡ ಕತ್ತಿ ಮತ್ತು ಕಿರುಗತ್ತಿಗಳ ಜೋಡಿ ಇದೆ.

ಜಪಾನಿನ ಕತ್ತಿಯ ಅಲಂಕೃತ ಬಿಡಿಭಾಗಗಳಲ್ಲಿ ಪ್ರತಿಯೊಂದಕ್ಕೂ ನಿಶ್ಚಿತ ಹೆಸರಿದೆ. ಕೈಯನ್ನು ರಕ್ಷಿಸುವ ಲೋಹದ ಬಿಲ್ಲೆ ತ್ಸುಬಾ. ಹಿಡಿಯ ಬುಡದ ಪಟ್ಟಿ ಫುಚಿ, ತಲೆಯ ಟೊಪ್ಪಿ ಕಾಶಿರಾ. ಹಿಡಿಗೆ ಸುತ್ತಿದ ದಾರದ ಕೆಳಗೆ ಕೂರಿಸುವ ಪುಟ್ಟ ಲೋಹದ ಶಿಲ್ಪಗಳು ಮೆನುಕಿ. ಒರೆಯ ಪಕ್ಕದ ಗೂಡಿನಲ್ಲಿ ಇರಿಸುವ ಚಿಕ್ಕ ಚೂರಿಯ ಹಿಡಿ ಕೊಜುಕಾ. ಇನ್ನೊಂದು ಗೂಡಿನಲ್ಲಿರುವ, ಕೂದಲನ್ನು ಸರಿಪಡಿಸುವ ಕಡ್ಡಿ ಕೋಗಾಯ್. ಹಲವು ಕೋಗಾಯ್‌ಗಳ ತುದಿಯನ್ನು ಕಿವಿಗುಗ್ಗೆ ತೆಗೆಯಲು ಅನುಕೂಲವಾಗುವಂತೆ ಪುಟ್ಟ ಸೌಟಿನ ಆಕಾರದಲ್ಲಿ ಮಾಡಿರುತ್ತಾರೆ. ಪರಸ್ಪರ ಸಂಪರ್ಕವಿಲ್ಲದ ಎರಡು ನಾಡುಗಳಲ್ಲಿ ಕಿರುಗತ್ತಿಯ ಒರೆಯು ಇಂತಹ ಮೈಶುಚಿಯ ಸಾಧನಗಳಿಗೂ ಆಶ್ರಯ ನೀಡಿರುವುದು ಗಮನಾರ್ಹ. ಸದಾ ಸೊಂಟದಲ್ಲಿರುವ ವಸ್ತುವಿಗೆ ನಿತ್ಯದ ಅಗತ್ಯಗಳು ಸೇರಿಕೊಳ್ಳುವುದು ಸಹಜವಾಗಿದೆ.

ವ್ಯತ್ಯಾಸಗಳೂ ಮುಖ್ಯವಾದವು. ಜಪಾನಿನಲ್ಲಿ ಅಲಗನ್ನು ಹಿಡಿಗೆ ಒಂದು ಬಿದಿರಿನ ಬೆಣೆಯಿಂದ ಭದ್ರಪಡಿಸುವುದರಿಂದ ಎಲ್ಲ ಭಾಗಗಳನ್ನು ಸುಲಭವಾಗಿ ಬಿಡಿಸಬಹುದು. ಒಂದೇ ಅಲಗಿಗೆ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಬಿಡಿಭಾಗಗಳನ್ನು ತೊಡಿಸುವುದು ಅಲ್ಲಿ ಸಾಮಾನ್ಯ. ಅಲಗಿನ ಬಾಲದ ಮೇಲೆ ಕಮ್ಮಾರನ ಹೆಸರನ್ನೂ ಬಿಡಿಭಾಗಗಳ ಮೇಲೆ ಲೋಹಶಿಲ್ಪಿಯ ಹೆಸರನ್ನೂ ಕೆತ್ತುವ ರೂಢಿಯೂ ಇತ್ತು. ಗೋತೊ ಯೂಜೊ (1440–1512) ಆರಂಭಿಸಿದ ಗೋತೊ ಪರಂಪರೆಯು ಶೋಗನ್‌ಗಳಿಗಾಗಿ ತಲೆಮಾರುಗಳವರೆಗೆ ಕತ್ತಿಯ ಬಿಡಿಭಾಗಗಳನ್ನು ತಯಾರಿಸಿತು. ಹೀಗಾಗಿ ಬಿಡಿಯಾಗಿ ದೊರೆತ ತ್ಸುಬಾದ ಕರ್ತೃ ಮತ್ತು ಕಾಲವನ್ನು ಅಲ್ಲಿ ಅನೇಕ ವೇಳೆ ನಿರ್ಧರಿಸಬಹುದು. ಪೀಚೆಕತ್ತಿಯ ಭಾಗಗಳಲ್ಲಿ ಇಂತಹ ಬರಹಗಳು ಸಾಮಾನ್ಯವಾಗಿ ಇಲ್ಲದಿರುವುದರಿಂದ ಬೇರ್ಪಟ್ಟ ಸರಪಳಿ ಅಥವಾ ಒರೆಯ ಮೂಲವನ್ನು ಪತ್ತೆಹಚ್ಚುವುದು ಕಷ್ಟವಾಗುತ್ತದೆ.

ಎರಡು ನಾಡುಗಳ ಚರಿತ್ರೆಯೂ ಇಲ್ಲಿ ಕವಲೊಡೆಯುತ್ತದೆ. ಕೊಡವರಿಗೆ 1861ರಲ್ಲಿ ವಿನಾಯಿತಿ ದೊರೆಯಿತು. ಜಪಾನಿನಲ್ಲಿ ಮೇಜಿ ಸರಕಾರವು 1876ರ ಮಾರ್ಚ್ 28ರಂದು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಕತ್ತಿಯ ಬಿಡಿಭಾಗಗಳನ್ನು ಮಾಡುತ್ತಿದ್ದ ಲೋಹಶಿಲ್ಪಿಗಳು ಹೂದಾನಿ, ಪೆಟ್ಟಿಗೆ ಮುಂತಾದ ರಫ್ತು ಸಾಮಗ್ರಿಗಳ ಕಡೆಗೆ ತಿರುಗಿದರು. ಅವರಲ್ಲಿ ಒಬ್ಬನಾದ ಕಾನೊ ನತ್ಸುವೊ (1828–1898) ಮೇಜಿ ಸರಕಾರದ ಹೊಸ ನಾಣ್ಯಗಳ ವಿನ್ಯಾಸದಲ್ಲಿ ತೊಡಗಿದನು. ಜಪಾನಿನ ಕಿರುಗತ್ತಿಯು ಉಡುಪಿನಿಂದ ಸಂಗ್ರಹಕ್ಕೆ ಸ್ಥಳಾಂತರಗೊಂಡಿತು. ಪೀಚೆಕತ್ತಿಯು ಉಡುಪಿನಲ್ಲಿಯೇ ಉಳಿಯಿತು. ಆದರೆ ಸಂಗ್ರಹಕ್ಕೆ ಹೋದ ಜಪಾನಿನ ಕತ್ತಿಗಳಿಗೆ ನೋಂದಣಿ, ಪ್ರಮಾಣಪತ್ರ ಮತ್ತು ವಿಸ್ತಾರವಾದ ಅಧ್ಯಯನದ ಬೆಂಬಲ ದೊರೆಯಿತು. ಬಳಕೆಯಲ್ಲಿಯೇ ಉಳಿದ ಪೀಚೆಕತ್ತಿಗೆ ಅಂತಹ ವ್ಯವಸ್ಥೆ ಬೆಳೆಯಲಿಲ್ಲ.

ಕಾನೂನು

ಆಯುಧ: 1959ರ ಶಸ್ತ್ರಾಸ್ತ್ರ ಕಾಯಿದೆಯ 41ನೆಯ ಕಲಮಿನ ಅಡಿಯಲ್ಲಿ ಕೇಂದ್ರ ಸರಕಾರವು 1963ರಲ್ಲಿ ಹೊರಡಿಸಿದ ಅಧಿಸೂಚನೆಯು ಕೊಡವರಿಗೆ ಮತ್ತು ಕೊಡಗಿನ ಜಮ್ಮ ಭೂಮಿಯ ಹಿಡುವಳಿದಾರರಿಗೆ ವಿನಾಯಿತಿಯನ್ನು ಮುಂದುವರಿಸಿತು. 2019ರಲ್ಲಿ ಬಂದೂಕುಗಳಿಗೆ ಸಂಬಂಧಿಸಿದ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಯಿತು. ಇದನ್ನು ಪ್ರಶ್ನಿಸಿದ ಅರ್ಜಿಯ ವಿಚಾರಣೆ ನಡೆಸಿದ ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಈ ಚರ್ಚೆಯ ಕೇಂದ್ರದಲ್ಲಿ ಇದ್ದುದು ಕೋವಿಯೇ ಹೊರತು ಪೀಚೆಕತ್ತಿಯಲ್ಲ.

ಪ್ರಾಚ್ಯವಸ್ತು: 1972ರ ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾದ ಕಲಾವಸ್ತು ಅಥವಾ ಕುಶಲಕಲೆಯ ವಸ್ತುವು ಪ್ರಾಚ್ಯವಸ್ತುವಾಗುತ್ತದೆ. ಇಂತಹ ವಸ್ತುವನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಪ್ರಾಚ್ಯವಸ್ತುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. 19ನೆಯ ಶತಮಾನದ ಪೀಚೆಕತ್ತಿಗಳು ಈ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ವಿದೇಶದಲ್ಲಿ ನೆಲೆಸಿರುವ ಕುಟುಂಬದವರು ಮನೆತನದ ಹಳೆಯ ಕತ್ತಿಯನ್ನು ತಮ್ಮೊಡನೆ ಕೊಂಡೊಯ್ಯಲು ಬಯಸಿದಾಗ ಇದು ಮುಖ್ಯವಾಗುತ್ತದೆ.

ದಂತ: ಹಿಡಿಯು ದಂತದ್ದಾಗಿದ್ದರೆ 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯೂ ಅನ್ವಯಿಸುತ್ತದೆ. 1986ರ ತಿದ್ದುಪಡಿಯು ಭಾರತೀಯ ದಂತದ ವ್ಯಾಪಾರವನ್ನು ನಿಷೇಧಿಸಿತು. ಆಮದು ಮಾಡಿದ ಆಫ್ರಿಕದ ದಂತಕ್ಕೂ 1991ರ ತಿದ್ದುಪಡಿಯಿಂದ ನಿಷೇಧ ವಿಸ್ತರಿಸಿತು. ಮಾಲೀಕತ್ವದ ಪ್ರಮಾಣಪತ್ರವುಳ್ಳ ದಂತದ ವಸ್ತುವನ್ನೂ ಮಾರುವಂತಿಲ್ಲ. ಉತ್ತರಾಧಿಕಾರದಿಂದ ಪಡೆಯುವುದಕ್ಕೂ ಮಾರಾಟಕ್ಕೂ ಕಾನೂನಿನಲ್ಲಿ ಸ್ಪಷ್ಟವಾದ ವ್ಯತ್ಯಾಸವಿದೆ.

ಸಂಗ್ರಹಾಲಯಗಳಲ್ಲಿ

ಅಮೆರಿಕದ ಸಂಗ್ರಾಹಕ ಜಾರ್ಜ್ ಕ್ಯಾಮರಾನ್ ಸ್ಟೋನ್ 1934ರಲ್ಲಿ ಪ್ರಕಟಿಸಿದ ಆಯುಧಕೋಶದಲ್ಲಿ ‘ಪಿಚಂಗತ್ತಿ’ ಎಂಬ ನಮೂದಿದೆ. ಆತನ ಆಯುಧ ಸಂಗ್ರಹವು ಮರಣಾನಂತರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ಸೇರಿತು. ಅದೇ ಸಂಗ್ರಹಾಲಯದಲ್ಲಿ ಒರೆಸಹಿತವಾದ ಪಿಚಂಗತ್ತಿಯೂ ಇದೆ. ಮಡಿಕೇರಿಯಲ್ಲಿ ಕೋಟೆಯ ಒಳಗಿನ ಹಳೆಯ ಸಂತ ಮಾರ್ಕರ ಚರ್ಚಿನ ಕಟ್ಟಡವು ಸರಕಾರಿ ವಸ್ತುಸಂಗ್ರಹಾಲಯವಾಗಿದ್ದು, ಅಲ್ಲಿ ಶಿಲ್ಪಗಳೊಡನೆ ಹಳೆಯ ಆಯುಧಗಳನ್ನೂ ಪ್ರದರ್ಶಿಸಲಾಗಿದೆ. ಆದರೂ ಹಳೆಯ ಪೀಚೆಕತ್ತಿಗಳು ಇಂದಿಗೂ ಕೊಡಗಿನ ಐನ್‌ಮನೆಗಳಲ್ಲಿ ಮತ್ತು ಕುಟುಂಬಗಳಲ್ಲಿ ಇವೆ.

ಸಂಗ್ರಹಾಲಯದ ಕತ್ತಿಗಳು ಅಲಗು ಮತ್ತು ಲೋಹಗೆಲಸದ ಅಧ್ಯಯನಕ್ಕೆ ನೆರವಾಗುತ್ತವೆ. ಆದರೆ ಅವು ಯಾವ ನಾಡಿನ, ಯಾವ ಒಕ್ಕದ ಕತ್ತಿಗಳು ಎಂಬ ವಿವರ ಅನೇಕ ವೇಳೆ ಅವುಗಳೊಡನೆ ಇರುವುದಿಲ್ಲ. ಮನೆಯಲ್ಲಿ ಉಳಿದ ಕತ್ತಿಗೆ ಆ ವಿವರವಿರುತ್ತದೆ. ಆದರೆ ಅದು ಬರಹದಲ್ಲಿರದೆ ಹಿರಿಯರ ನೆನಪಿನಲ್ಲಿರುತ್ತದೆ.

ಹಳೆಯ ಕತ್ತಿಯ ಲಕ್ಷಣಗಳು

ಉಡುಪಿಗಾಗಿ ಹೊಸದಾಗಿ ತಯಾರಾಗುವ ಕತ್ತಿಗಳೂ ಪ್ರವಾಸಿಗರಿಗಾಗಿ ಮಾರುವ ಸ್ಮರಣಿಕೆಗಳೂ ಇರುವುದರಿಂದ ಹಳೆಯ ಕತ್ತಿಯನ್ನು ಗುರುತಿಸುವಾಗ ಈ ಅಂಶಗಳನ್ನು ಗಮನಿಸಲಾಗುತ್ತದೆ:

• ಅಲಗು: ಹಳೆಯ ಅಲಗು ತೂಕವುಳ್ಳದ್ದಾಗಿರುತ್ತದೆ, ಬೆನ್ನು ಹಿಡಿಯ ಬಳಿ ದಪ್ಪವಾಗಿದ್ದು ತುದಿಯ ಕಡೆ ತೆಳುವಾಗುತ್ತದೆ. ಪದೇ ಪದೇ ಮಸೆದುದರಿಂದ ಬಾಯಿ ಸವೆದಿರುತ್ತದೆ. ಸ್ಮರಣಿಕೆಗಳ ಅಲಗು ಎಲ್ಲೆಡೆ ಒಂದೇ ದಪ್ಪವಿರುವ ತಗಡಿನಂತಿರುತ್ತದೆ.
• ಒರೆ: ಅಲಗು ತನ್ನದೇ ಒರೆಯಲ್ಲಿ ಬಿಗಿಯಾಗಿಯೂ ಸರಾಗವಾಗಿಯೂ ಕೂರುತ್ತದೆ. ಸಡಿಲವಾದ ಅಥವಾ ಉದ್ದ ಹೊಂದದ ಒರೆಯು ಬೇರೊಂದು ಕತ್ತಿಯದಾಗಿರಬಹುದು.
• ಲೋಹಗೆಲಸ: ಕೈಯಿಂದ ಮಾಡಿದ ಉಬ್ಬುಗೆಲಸದಲ್ಲಿ ಒಂದೇ ಹೂವಿನ ಎರಡು ರೂಪಗಳು ಪೂರ್ತಿ ಒಂದೇ ಬಗೆಯಾಗಿರುವುದಿಲ್ಲ. ಅಚ್ಚಿನಿಂದ ಒತ್ತಿದ ವಿನ್ಯಾಸಗಳಲ್ಲಿ ಎಲ್ಲವೂ ಒಂದೇ ರೀತಿ ಇರುತ್ತವೆ.
• ಸವೆತ: ಚೇಲೆಯ ಒಳಗೆ ಇರುವ ಭಾಗಕ್ಕಿಂತ ಕೈ ತಾಗುವ ಹಿಡಿಯ ತಲೆ ಮತ್ತು ಸರಪಳಿಯ ಕೊಂಡಿಗಳು ಹೆಚ್ಚು ಸವೆದಿರುತ್ತವೆ. ಸವೆತವು ಬಳಕೆಗೆ ಅನುಗುಣವಾಗಿದೆಯೇ ಎಂಬುದು ಮುಖ್ಯ.

ಇವುಗಳಲ್ಲಿ ಯಾವುದೇ ಒಂದು ಅಂಶವು ತಾನಾಗಿಯೇ ನಿರ್ಣಾಯಕವಲ್ಲ. ಹಳೆಯ ಅಲಗಿಗೆ ಹೊಸ ಒರೆಯನ್ನೂ ಹಳೆಯ ಒರೆಗೆ ಹೊಸ ಸರಪಳಿಯನ್ನೂ ಜೋಡಿಸಿರುವುದುಂಟು. ಮನೆತನದಲ್ಲಿಯೇ ನಡೆದ ಇಂತಹ ದುರಸ್ತಿಯು ಆ ಕತ್ತಿಯ ಚರಿತ್ರೆಯ ಭಾಗವೇ ಆಗಿದೆ.

ಸಂರಕ್ಷಣೆ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಮಳೆಗಾಲದ ತೇವವನ್ನು ಒರೆಯ ಮರವು ಹೀರಿಕೊಳ್ಳುವುದರಿಂದ ಒರೆಯೊಳಗೆ ಇರಿಸಿದ ಅಲಗು ಕಣ್ಣಿಗೆ ಬೀಳದಂತೆ ತುಕ್ಕು ಹಿಡಿಯುತ್ತದೆ. ದೀರ್ಘಕಾಲ ಬಳಸದ ಕತ್ತಿಯ ಅಲಗನ್ನು ತೆಳುವಾಗಿ ಎಣ್ಣೆ ಸವರಿ, ಒರೆಯಿಂದ ಬೇರ್ಪಡಿಸಿ ಒಣಗಿದ ಜಾಗದಲ್ಲಿ ಇರಿಸುವುದು ಸುರಕ್ಷಿತ ಕ್ರಮ. ಜಪಾನಿನಲ್ಲಿಯೂ ಅಲಗನ್ನು ಶಿರಸಾಯಾ ಎಂಬ ಸಾದಾ ಮರದ ಒರೆಯಲ್ಲಿ ಇರಿಸಿ, ಅಲಂಕೃತ ಬಿಡಿಭಾಗಗಳನ್ನು ಮರದ ನಕಲಿ ಅಲಗಿಗೆ ಜೋಡಿಸಿ ಪ್ರತ್ಯೇಕವಾಗಿ ಕಾಪಾಡುವ ಪದ್ಧತಿ ಇದೆ.

ಬೆಳ್ಳಿಯು ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದ ಕಪ್ಪಾಗುತ್ತದೆ. ಪ್ರತಿ ಬಾರಿ ಉಜ್ಜಿದಾಗಲೂ ಸ್ವಲ್ಪ ಬೆಳ್ಳಿ ಸವೆಯುವುದರಿಂದ ಉಬ್ಬುಗೆಲಸದ ಸೂಕ್ಷ್ಮ ಗೆರೆಗಳು ಕ್ರಮೇಣ ಅಳಿಸಿಹೋಗುತ್ತವೆ. ಒರಟು ಪುಡಿ ಮತ್ತು ಹುಳಿಯ ಬಳಕೆಗಿಂತ ಮೃದುವಾದ ಬಟ್ಟೆಯಿಂದ ಒರೆಸುವುದು ಮೇಲು. ದಂತದ ಹಿಡಿಯನ್ನು ನೀರಿನಲ್ಲಿ ತೊಳೆಯಬಾರದು, ಬಿಸಿಲಿನಲ್ಲಿ ಒಣಗಿಸಬಾರದು. ತೇವ ಮತ್ತು ಶುಷ್ಕತೆಯ ಹಠಾತ್ ಬದಲಾವಣೆಯಿಂದ ದಂತವು ಬಿರುಕು ಬಿಡುತ್ತದೆ. ಭಾರತೀಯ ಕತ್ತಿಗಳಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಅರಗು ಅಥವಾ ರಾಳದಿಂದ ಭದ್ರಪಡಿಸುವ ಕ್ರಮ ವ್ಯಾಪಕವಾಗಿದ್ದು, ಅಂತಹ ಹಿಡಿಗೆ ಬಿಸಿ ತಾಗಿದರೆ ಅಲಗು ಸಡಿಲವಾಗುತ್ತದೆ.

ಕತ್ತಿಯನ್ನು ಧರಿಸಿದ ಹಿರಿಯರ ಭಾವಚಿತ್ರ, ಅದರ ಅಳತೆ, ತೂಕ, ಎರಡೂ ಬದಿಯ ಛಾಯಾಚಿತ್ರ ಮತ್ತು ಅದು ಯಾರಿಂದ ಯಾರಿಗೆ ಬಂದಿತೆಂಬ ಬರಹವನ್ನು ಕತ್ತಿಯೊಡನೆ ಇರಿಸುವುದರಿಂದ ಅದರ ಚರಿತ್ರೆ ಉಳಿಯುತ್ತದೆ. ಕುಟುಂಬದ ಪಾಲುಪಟ್ಟಿಯಲ್ಲಿ ಬೆಳ್ಳಿಯ ಸರಪಳಿಯನ್ನು ತೂಕದ ಲೆಕ್ಕದಲ್ಲಿ ಕತ್ತಿಯಿಂದ ಬೇರ್ಪಡಿಸಿದಾಗ ಎರಡೂ ಭಾಗಗಳು ತಮ್ಮ ಗುರುತನ್ನು ಕಳೆದುಕೊಳ್ಳುತ್ತವೆ.

ಇಂದಿನ ಬಳಕೆ

ಕೊಡಗು 1956ರ ನವೆಂಬರ್ 1ರಂದು ಆಗಿನ ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ದಿನನಿತ್ಯದ ಉಡುಪು ಬದಲಾದ ಮೇಲೆ ಕುಪ್ಯ ಮತ್ತು ಚೇಲೆಯ ಬಳಕೆಯು ಮದುವೆ, ಹಬ್ಬ, ದೇವಕಾರ್ಯ ಮತ್ತು ಸಾಂಸ್ಕೃತಿಕ ಸಮಾರಂಭಗಳಿಗೆ ಸೀಮಿತವಾಗಿದೆ. ಬೆಂಗಳೂರು, ಮೈಸೂರು, ಮಂಗಳೂರು ಮುಂತಾದ ನಗರಗಳಲ್ಲಿ ಮತ್ತು ವಿದೇಶಗಳಲ್ಲಿ ನೆಲೆಸಿರುವ ಕೊಡವ ಕುಟುಂಬಗಳೂ ಮದುವೆಯಲ್ಲಿ ಈ ಉಡುಪನ್ನು ಧರಿಸುತ್ತವೆ. ಸರಪಳಿಯ ಉಪಕರಣಗಳಿಗೆ ಈಗ ಉಪಯೋಗವಿಲ್ಲದ ಕಾರಣ ಅನೇಕ ಹೊಸ ಕತ್ತಿಗಳಲ್ಲಿ ಅವುಗಳನ್ನು ಕೈಬಿಡಲಾಗಿದೆ. ಹಳೆಯ ಕತ್ತಿಗಳನ್ನು ಐನ್‌ಮನೆಯಲ್ಲಿ ಅಥವಾ ಬ್ಯಾಂಕಿನ ಭದ್ರತಾ ಪೆಟ್ಟಿಗೆಯಲ್ಲಿ ಇರಿಸಿ, ಸಮಾರಂಭಗಳಿಗೆ ಹೊಸ ಕತ್ತಿಗಳನ್ನು ಬಳಸುವುದೂ ರೂಢಿಗೆ ಬಂದಿದೆ.

ಇವನ್ನೂ ನೋಡಿ

• ಒಡಿಕತ್ತಿ
• ಕೊಡವರು
• ಕೈಲ್ ಪೊಳ್ದ್
• ಐನ್‌ಮನೆ
• ಪಟ್ಟೋಲೆ ಪಳಮೆ
• ವಾಕಿಜಾಶಿ